ಮಳವಳ್ಳಿಯ ಮೊಂಬಾಸದಮ್ಮ

ನಾನು ಮೊದಲು ಬೆರಗಾದದ್ದು ಅವರ ತಲೆಗೂದಲನ್ನು ಕಂಡು. ಕುಂಟೆ ಹೊಡೆದ ರಾಗಿ ಹೊಲದಂತೆ ನೆತ್ತಿಯ ಮೇಲೆಲ್ಲ ನೇರ ಸಾಲುಗಳು; ತಲೆಗೇ ಅಂಟಿಕೊಂಡ ಸಣ್ಣ ಸಣ್ಣ ಜಡೆಗಳೆಲ್ಲ ಹೋಗಿ ಕತ್ತಿನ ಹಿಂದೆ ಒಂದೇ ಗಂಟಿನಲ್ಲಿ ಸೇರುತ್ತಿದ್ದವು. ನಾನು ಪೂರಿಗಾಲಿಯಿಂದ ಮಳವಳ್ಳಿಗೆ ಸೊಸೆಯಾಗಿ ಬಂದ ಹೊಸತು. ಹಿತ್ತಿಲ ಮೋಟುಗೋಡೆಯ ಆಚೆ ಬಟ್ಟೆ ಹಿಂಡುತ್ತಿದ್ದ ಅವರು ನನ್ನನ್ನು ನೋಡಿ ನಕ್ಕರು. ಆಗಿನ್ನೂ ಅವರಿಗೆ ಕನ್ನಡ ಬರುತ್ತಿರಲಿಲ್ಲ.

ಬೀದಿಯವರಿಗೆಲ್ಲ ಅವರು ಮೊಂಬಾಸದಮ್ಮ. ನನಗೆ ಅಕ್ಕ. ಅವರ ಗಂಡ ನಮ್ಮೂರ ಸಾಬರೇ, ಮೆಕ್ಯಾನಿಕ್ಕು. ಚಿಕ್ಕ ವಯಸ್ಸಿನಲ್ಲಿ ಆಫ್ರಿಕಾಕ್ಕೆ ರೈಲ್ವೆ ಕೆಲಸಕ್ಕೆಂದು ಹೋದವರು ಮೊಂಬಾಸದಲ್ಲೇ ಮದುವೆಯಾಗಿದ್ದರು. ತಾಯಿಗೆ ಕಾಯಿಲೆಯೆಂದು ತಿಳಿದು ಹೆಂಡತಿ ಮತ್ತು ಕೈಗೂಸು ಮಗನೊಂದಿಗೆ ಊರಿಗೆ ಬಂದರು. ಆರು ವರ್ಷದ ಮಗಳೂ ಬರಬೇಕಿತ್ತು. ಹಡಗು ಹತ್ತುವ ದಿನ ಅವಳಿಗೆ ಸೀತಾಳೆ ಅಮ್ಮ ಎದ್ದಿತ್ತು, ಡಾಕ್ಟರು ಬಿಡಲಿಲ್ಲ. ಕೆಲವೇ ತಿಂಗಳಲ್ಲಿ ವಾಪಸ್ಸು ಬರುತ್ತೇವಲ್ಲ ಎಂದು ಅಜ್ಜಿಯ ಬಳಿ ಬಿಟ್ಟು ಬಂದರು. ಅಷ್ಟರಲ್ಲಿ ಎರಡನೇ ಮಹಾಯುದ್ಧ ಶುರುವಾಯಿತು. ಜನ ಓಡಾಡುವ ಹಡಗುಗಳೆಲ್ಲ ಸೈನ್ಯದ ಪಾಲಾದವು. ಗಂಡ ಹಡಗಿನ ಟಿಕೀಟಿಗೆಂದು ಬೊಂಬಾಯಿಗೆ ಹೋಗಿ ಬರಿಗೈಲಿ ಬಂದು, ಮದ್ದೂರಿಗೆ ಓಡುವ ಇದ್ದಿಲ ಗ್ಯಾಸಿನ ಬಸ್ಸುಗಳ ರಿಪೇರಿಗೆ ಸೇರಿಕೊಂಡರು.

ಮರು ವರ್ಷ ನನ್ನ ಚೊಚ್ಚಲ ಹೆರಿಗೆ. ಮೂರನೆಯ ದಿನಕ್ಕೆ ಜ್ವರ ಏರಿ ನನಗೆ ಎಚ್ಚರ ತಪ್ಪಿತು, ಹಾಲು ಬತ್ತಿತು. ಹಸುವಿನ ಹಾಲು ಕೂಸಿಗೆ ದಕ್ಕಲಿಲ್ಲ. ಅದು ಅಳುವುದನ್ನೂ ನಿಲ್ಲಿಸಿದಾಗ, ಇನ್ನೂ ತಮ್ಮ ಮಗನಿಗೆ ಹಾಲೂಡಿಸುತ್ತಿದ್ದ ಅಕ್ಕ ನಮ್ಮ ಹಿತ್ತಿಲ ಬಾಗಿಲಿಗೆ ಬಂದು ನಿಂತರಂತೆ. ಒಳಗೆ ಕಾಲಿಡದೆ ಕೈ ಚಾಚಿ, ಅಷ್ಟರಲ್ಲಿ ಕಲಿತಿದ್ದ ನಾಲ್ಕು ಮಾತಿನಲ್ಲೇ, "ಕೊಡ್ರವ್ವ ಇಲ್ಲಿ ಕೂಸ್ನ" ಎಂದರಂತೆ. ನಮ್ಮತ್ತೆ ಮಡಿಯ ಹೆಂಗಸು. ಅವರ ಮುಖ ನೋಡಿದರು, ಕೂಸಿನ ಮುಖ ನೋಡಿದರು. "ಬಾಗ್ಲಲ್ಲಿ ಯಾಕ್ ನಿಂತೀಯ, ಒಳಕ್ ಬಾ ಕಣಮ್ಮಿ" ಎಂದು ನಡುಮನೆಯಲ್ಲಿ ಕೂರಿಸಿ ಮಡಿಲಿಗೆ ಹಾಕಿದರು. ನಾನು ಎದ್ದು ಕೂರುವ ಹೊತ್ತಿಗೆ ಮಗಳ ಕೆನ್ನೆ ತುಂಬಿಕೊಂಡಿತ್ತು.

ಹೀಗೆ ನಮ್ಮ ಮನೆಗೆ ಬಂದು ಹೋಗುತ್ತಲೇ ಅಕ್ಕನಿಗೆ ಕನ್ನಡ ಬಂತು, ನಮಗೆ ಮೊಂಬಾಸ ಬಂತು. ಎರಡೂ ಕೈ ಬೊಗಸೆ ಮಾಡಿ ತೋರಿಸುತ್ತಿದ್ದರು: ಈ ಕೈಯೂ ಆ ಕೈಯೂ ದೊಡ್ಡ ನೆಲ, ನಡುವೆ ಸಮುದ್ರದ ನೀರು, ನೀರಿನ ಮಧ್ಯೆ ತೆಂಗಿನಕಾಯಿಯಂತೆ ಕೂತ ದ್ವೀಪ ಅವರೂರು. ಒಂದು ಮಗ್ಗುಲಿಗೆ ಪಾಯಿಹಡಗಿನ ಹಳೇ ಬಂದರು, ಇನ್ನೊಂದಕ್ಕೆ ಉಗಿಹಡಗಿನ ಹೊಸ ಬಂದರು. ಹವಳದ ಕಲ್ಲಿನ ಗೋಡೆ, ಚಿತ್ತಾರದ ಬಾಗಿಲು, ಇಬ್ಬರು ಎದುರಾದರೆ ಒಬ್ಬರು ಗೋಡೆಗೊರಗಿ ನಿಲ್ಲಬೇಕಾದ ಓಣಿ. ಅರಬ್ಬರು, ಗುಜರಾತಿನ ಅಂಗಡಿಯವರು, ಗೋವಾದ ಗುಮಾಸ್ತರು, ಅಲ್ಲಿಯದೇ ಸ್ವಾಹಿಲಿ ಜನ. ಅಕ್ಕನ ತಾಯಿ ಆ ಸ್ವಾಹಿಲಿ ಜನದವರು. ಚಳಿಗಾಲದ ಗಾಳಿಗೆ ನಮ್ಮ ಕರಾವಳಿಯಿಂದ ಹಡಗುಗಳು ಹೆಂಚು ತುಂಬಿಕೊಂಡು ಹೋಗುತ್ತಿದ್ದವಂತೆ. ಮಳವಳ್ಳಿ ಪೇಟೆಯಲ್ಲಿ ಮಂಗಳೂರು ಹೆಂಚಿನ ಮನೆ ಮೊದಲ ಸಲ ಕಂಡಾಗ, "ನಮ್ಮವ್ವನ ಸೂರು ಇಲ್ಲಿಗೆಂಗ್ ಬಂತು" ಅಂತ ನಿಂತಲ್ಲೇ ಅತ್ತುಬಿಟ್ಟೆ ಎಂದರು.

ಒಂದು ಮಧ್ಯಾಹ್ನ ಬಸ್ ಸ್ಟ್ಯಾಂಡಿನಲ್ಲಿ ಯಾರೋ ಪೇಪರು ಓದಿ, ಇಟಲಿಯವರ ವಿಮಾನ ಆಫ್ರಿಕಾದ ಕರಾವಳಿಯ ಮೇಲೆ ಬಾಂಬು ಹಾಕಿತು ಎಂದರಂತೆ. ಸುದ್ದಿ ನಮ್ಮ ಬೀದಿ ಮುಟ್ಟುವಷ್ಟರಲ್ಲಿ ಮೊಂಬಾಸವೇ ಸುಟ್ಟುಹೋಗಿತ್ತು. ಎಂದೂ ಸೆರಗಿಲ್ಲದೆ ಹೊಸ್ತಿಲು ದಾಟದ ಅಕ್ಕ ಬರಿದಲೆಯಲ್ಲಿ ಓಡಿದರು. ಕೂಸನ್ನು ಕಂಕುಳಿಗೇರಿಸಿಕೊಂಡು ನಾನೂ ಹಿಂದೆ ಓಡಿದೆ. ಅವರು ಡ್ರೈವರನ್ನು, ಬೀಡಿ ಅಂಗಡಿಯವನನ್ನು, ಕಂಡಕಂಡವರನ್ನು ತಡೆದು ಕೇಳುತ್ತಿದ್ದರು:

"ಯಾವ ಮಗ್ಗುಲ್ಗೆ ಬಿತ್ತು ಯೋಳ್ರಪ್ಪ? ಅಳೇ ಬಂದರ್ಗಾ, ವಸಾ ಬಂದರ್ಗಾ?"

"ಅದ್ಯಾವ ದೇಸ್ವೋ, ಯಾವ ಮಗ್ಗುಲೋ, ನಮ್ಗೇನ್ ಗೊತ್ತು ಬುಡಮ್ಮ" ಎಂದು ಕಂಡಕ್ಟರ್ ನಕ್ಕ.

ಅಕ್ಕ ಅಲ್ಲೇ ಕುಸಿದು ಕೂತರು. ಆ ಊರಿಗೆ ಮಗ್ಗುಲುಗಳಿವೆ, ಒಂದು ಮಗ್ಗುಲಲ್ಲಿ ಒಂದು ಮಗು ಇದೆ ಎಂದು ಬಲ್ಲವರು ಆ ಜನಜಂಗುಳಿಯಲ್ಲಿ ನಾವಿಬ್ಬರೇ. ಮೊಂಬಾಸ ಸುಟ್ಟ ಸುದ್ದಿ ಸುಳ್ಳೆಂದು ತಿಳಿಯಲು ಬಹಳ ದಿನ ಹಿಡಿಯಿತು. ಆ ದಿನಗಳಲ್ಲಿ ಅವರು ಊಟ ಬಿಟ್ಟು ಗೋಡೆಗೊರಗಿ ಕೂತಿರುತ್ತಿದ್ದರು. ಒಮ್ಮೆ ತಾವಾಗಿಯೇ ಹೇಳಿದರು:

"ನಮ್ಮೂರ ಸಮುದ್ರದ ಬಾಯಲ್ಲೊಂದು ಕೋಟೆ ಐತೆ ಕಣವ್ವ, ಗೋವಾ ಆಳ್ತಿದ್ದ ಪರಂಗಿಯೋರ್ದು. ಇಂದ್ಲ ಕಾಲ್ದಲ್ಲಿ ಅರಬ್ಬರು ಬಂದು ಮುತ್ತಿಗೆ ಆಕುದ್ರು. ಒಳ್ಗಿದ್ದೋರು ಗೋವಾದಿಂದ ಅಡಗು ಬತ್ತದೆ ಅಂತ ವರ್ಸಗಟ್ಲೆ ಕಾದ್ರು. ಜ್ವರ ಬಂದು ಒಬ್ಬೊಬ್ರೇ ಸತ್ರು. ಕೊನ್ಗೆ ಅಡಗೇನೋ ಬಂತು. ಬರೋವೊತ್ಗೆ ಕೋಟೆ ಮ್ಯಾಲೆ ಅರಬ್ಬರ ಬಾವುಟ. ಸಣ್ಣೋರಿದ್ದಾಗ ಈ ಕತೆ ಕೇಳಿ, ಪರಂಗಿಯೋರ್ಗೆ ಆಗ್ಬೇಕಾದ್ದೇ ಅಂತ ನಗ್ತಿದ್ದೋ. ಈಗ ಆ ಒಳ್ಗಿದ್ದೋರೇ ನೆಪ್ಪಾಯ್ತಾರೆ."

ಯುದ್ಧ ಮುಗಿಯಿತು. ಹಡಗು ಮತ್ತೆ ಓಡಲು ಶುರುವಾಗುವ ವೇಳೆಗೆ ಅಕ್ಕನ ಕಾಲು, ಮುಖ ಬಾತುಕೊಂಡಿದ್ದವು. ನಾಲ್ಕು ಹೆಜ್ಜೆಗೇ ಏದುಸಿರು. ಸಮುದ್ರದ ಪ್ರಯಾಣ ತಡೆಯುವ ಜೀವ ಅಲ್ಲ ಇದು ಎಂದು ಡಾಕ್ಟರು ಹೇಳಿದರು. ಮಗನನ್ನು ಕರೆದುಕೊಂಡು ನೀವು ಹೋಗಿ ಬನ್ನಿ ಎಂದು ಅಕ್ಕ ಗಂಡನಿಗೆ ಕೈಮುಗಿದರು. ಅವರು ಒಪ್ಪಲಿಲ್ಲ. ಒಬ್ಬಳನ್ನು ಬಿಟ್ಟು ಬಂದು ಪಟ್ಟ ಪಾಡು ಸಾಕು, ನಿನ್ನನ್ನೂ ಬಿಟ್ಟು ಹೋಗಲಾರೆ ಎಂದರು.

ಅಂಬಲಿ ಕುಡಿಸಲು ಹೋದ ನಮ್ಮ ಮುಂದೆ ಅಕ್ಕ ಬಾಯಿ ಬಿಗಿಹಿಡಿದರು. "ನಾ ಇರೋಗಂಟ ಇವ್ರು ಅಡಗು ಅತ್ತಾಕಿಲ್ಲ. ಅಲ್ಲಿ ನನ್ ಮಗ್ಳು ಕಾಯ್ತಾವ್ಳೆ. ನನ್ನ ಬುಟ್ಬುಡ್ರವ್ವ."

"ಸಾಯೋ ಮಾತಾಡಿದ್ರೆ ಕೆನ್ನೆಗ್ ಬಿಗೀತೀನಿ" ಎಂದು ಅತ್ತೆ ಗದರಿ, ಅವರ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ತಾವೇ ಗುಟುಕು ಗುಟುಕಾಗಿ ಕುಡಿಸಿದರು. ಅತ್ತೆಯ ಕಣ್ಣಲ್ಲಿ ನೀರು ನಾನು ಕಂಡದ್ದು ಅದೊಂದೇ ಸಲ.

ಕೊನೆಗೆ ಅಕ್ಕನಿಗೆ ಜನರ ಗುರುತು ತಪ್ಪಿತು. ಆರು ವರ್ಷದ ನನ್ನ ಮಗಳು ಬಾಗಿಲಲ್ಲಿ ಕಂಡರೆ ತಮ್ಮ ಮಗಳ ಹೆಸರು ಹಿಡಿದು ಕೂಗುತ್ತಿದ್ದರು. ಒಂದು ಸಂಜೆ ಹಾಗೆ ಕೂಗಿದಾಗ ಮಗಳು ನನ್ನ ಮುಖ ನೋಡಿದಳು. "ಊಂ ಅನ್ನು ಕಣವ್ವ, ಬಂದೆ ಅನ್ನು" ಎಂದರು ಅತ್ತೆ. ಮಗಳು ಹೋಗಿ ಆ ಬಾತ ಕೈ ಹಿಡಿದು ಕೂತಳು. ಮಾರನೆಯ ಬೆಳಿಗ್ಗೆ ಅಕ್ಕ ಹೋದರು. ಆ ದಿನ ನಮ್ಮ ಮನೆಯಲ್ಲೂ ಒಲೆ ಹಚ್ಚಲಿಲ್ಲ.

ಅಪ್ಪ ಮಗ ಹಡಗು ಹತ್ತಿದರು. ಮರು ವರ್ಷ, ಮದ್ದೂರಿನಲ್ಲಿದ್ದ ಅವರ ನಂಟರೊಬ್ಬರು ಸುದ್ದಿ ತಂದರು. ಅಜ್ಜಿ ತೀರಿಕೊಂಡಿದ್ದಳು. ಹುಡುಗಿ ನೆರೆಮನೆಯವರ ಆಶ್ರಯದಲ್ಲಿ ಬೆಳೆದು ಅಪ್ಪನ ಭುಜದೆತ್ತರ ಆಗಿದ್ದಳು. ಅವಳು ತುಂಬ ಹೊತ್ತು ಅಪ್ಪನ ಹತ್ತಿರವೇ ಬರಲಿಲ್ಲವಂತೆ. ಆಮೇಲೆ ಒಂದೇ ಮಾತು ಕೇಳಿದಳಂತೆ: ಅಮ್ಮ ಸಾಯುವಾಗ ಹತ್ತಿರ ಹೆಂಗಸರು ಯಾರಾದರೂ ಇದ್ದರಾ?

ನಾನು ಬಾಯಿ ತೆರೆಯುವ ಮೊದಲೇ ಅತ್ತೆ ಎದ್ದು ನಿಂತಿದ್ದರು.

"ಇದ್ದೋ ಅಂತ ಯೋಳಿ ಕಳ್ಸಪ್ಪ. ನಾನೂ ಇದ್ದೆ, ಇವ್ಳೂ ಇದ್ಲು, ಅವ್ಳ ಆಲು ಕುಡ್ದ ಮಗ್ಳೂ ಇದ್ಲು ಅಂತ ಯೋಳು."