ಅಪ್ಪಿಯ ಬೆರಳಿನ ಉರಿ

ಮುಂಬಯಿಯ ಮಾಟುಂಗದಲ್ಲಿ ದೇವಸ್ಥಾನದ ಪಕ್ಕ ಇಪ್ಪತ್ತಾರು ವರ್ಷ ಹೂ ಕಟ್ಟಿದವಳು ಉಡುಪಿ ಕಡೆಯ ಅಪ್ಪಿ. ಮದುಮಗಳಿಗೆ ಮೊಗ್ಗಿನ ಜಡೆ ಬೇಕೆಂದರೆ ಜನ ಅವಳನ್ನೇ ಹುಡುಕಿಕೊಂಡು ಬರುತ್ತಿದ್ದರು. ಊರವರ ಹೆಣ್ಣುಮಕ್ಕಳಿಗೆಲ್ಲ ಕಟ್ಟಿಕೊಟ್ಟವಳಿಗೆ ಮಗಳು ಯಕ್ಷಿತಾಳ ಜಡೆಯೊಂದು ಬಾಕಿಯಿತ್ತು.

ಆ ಹೊತ್ತಿಗೇ ಬೆರಳ ಗಂಟುಗಳು ಬಾತುಕೊಂಡವು. ಬೆಳಿಗ್ಗೆ ಎದ್ದರೆ ಮುಷ್ಟಿ ಕಟ್ಟಲಾಗದು. ವಾಯು ಎಂದು ಎಣ್ಣೆ ತಿಕ್ಕುತ್ತಲೇ ವರ್ಷ ಕಳೆಯಿತು. ಆಸ್ಪತ್ರೆಗೆ ಹೋಗುವಷ್ಟರಲ್ಲಿ ಬಲಗೈಯ ಎರಡು ಬೆರಳು ಸೊಟ್ಟಗಾಗಿದ್ದವು. ಸಂಧಿವಾತವೆಂದ ಡಾಕ್ಟರು, ಸಂಶೋಧನೆಗೆ ಸ್ವಲ್ಪ ರಕ್ತ ಕೊಡಲು ಪವಾಯಿಯ ಲ್ಯಾಬಿಗೂ ಕಳಿಸಿದರು.

ಅಲ್ಲಿ ಸಂಶೋಧನೆ ಮಾಡುತ್ತಿದ್ದ ಧಾತ್ರಿ ಮೈಸೂರಿನ ಹುಡುಗಿ. ಕನ್ನಡ ಕೇಳಿ ಅಪ್ಪಿಗೆ ಧೈರ್ಯ ಬಂತು.

"ನನ್ನ ರಕ್ತದಲ್ಲಿ ಎಂತ ನೋಡ್ತೀರಿ ಮಗಾ?"

"ರೋಗದ ಜೊತೆ ಹೋರಾಡೋ ಕಣಗಳು ಇರ್ತವಲ್ಲಮ್ಮಾ, ಅವು ಒಂದಕ್ಕೊಂದು ಸುದ್ದಿ ಕಳಿಸ್ತವೆ. ಮಾತಿಲ್ಲ, ಸಣ್ಣ ಸಣ್ಣ ಪ್ರೋಟೀನು ಬಿಡ್ತವೆ, ಅಷ್ಟೆ. ಸೈಟೊಕೈನ್ ಅಂತೀವಿ. ಕೆಲವು 'ಶತ್ರು ಬಂದ, ಓಡಿ ಬನ್ನಿ' ಅಂತವೆ. ಆಗ್ಲೇ ಊತ, ಬಿಸಿ, ನೋವು. ಇನ್ನು ಕೆಲವು 'ಸಾಕು, ತಣ್ಣಗಾಗಿ' ಅಂತವೆ."

"ನನ್ನದರಲ್ಲಿ?"

"ಶತ್ರುನೇ ಇಲ್ಲ. ಆದ್ರೂ ಕೂಗ್ತಾನೇ ಇವೆ. ಸಾಕು ಅನ್ನೋದು ಸಾಲ್ತಾ ಇಲ್ಲ."

ಅಪ್ಪಿ ಅಂಗೈ ನೋಡಿಕೊಂಡಳು. "ನನ್ನವೇ ನನ್ನ ಮೇಲೆ ಬಿದ್ದದ್ದಾ?"

"ಅವಕ್ಕೆ ಗೊತ್ತಿಲ್ಲಮ್ಮಾ. ನಿಮ್ಮನ್ನ ಕಾಯ್ತಿದೀವಿ ಅಂದ್ಕೊಂಡಿವೆ."

"ಈ ಕೈ ಮತ್ತೆ ಹೂವಿಗೆ ಬರ್ತದಾ?"

ಧಾತ್ರಿ ಸುಳ್ಳು ಹೇಳಲಿಲ್ಲ. "ಔಷಧಿಗೆ ಉರಿ ಇಳಿಯುತ್ತೆ. ಸೊಟ್ಟಗಾಗಿರೋದು ನೆಟ್ಟಗಾಗೋದು ಕಷ್ಟ."

ಆಸ್ಪತ್ರೆಯವರು ಆ ಕೂಗುಗಳಲ್ಲಿ ಒಂದನ್ನು ತಡೆಯುವ ಇಂಜೆಕ್ಷನ್ ಶುರುಮಾಡಿದರು. ಮೂರನೇ ತಿಂಗಳಿಗೆ ಬಾವು ಇಳಿಯಿತು, ಚಹಾದ ಲೋಟ ಕೈಯಲ್ಲಿ ನಿಂತಿತು. ಎರಡು ಬೆರಳು ಮಾತ್ರ ಹಾಗೇ ಉಳಿದವು.

ಮದುವೆ ಹತ್ತಿರ ಬಂತು. "ಮಮ್ಮಿ, ಛೋಡ್ ನಾ, ದಾದರ್‌ನಿಂದ ರೆಡಿಮೇಡ್ ತರುವಾ," ಎಂದಳು ಯಕ್ಷಿತಾ. ಅಪ್ಪಿ ಕೇಳಲಿಲ್ಲ. ಮೊಗ್ಗು ತರಿಸಿ ಬೆಳಗಿನಿಂದ ಮಧ್ಯಾಹ್ನದವರೆಗೆ ಕೂತರೂ ಆದದ್ದು ಒಂದು ಗೇಣು, ಅದೂ ಸಡಿಲ. ಪಕ್ಕದಲ್ಲಿ ಹೂ ಮಾರುವ ಚಂದ್ರವ್ವ ನೋಡಿ ನೋಡಿ ಅವಳ ಕೈಯಿಂದ ನಾರು ತೆಗೆದುಕೊಂಡಳು. "ನೀ ಹೇಳ್ಕೋತ ಕುಂದ್ರು ಅಪ್ಪಕ್ಕ, ನಾ ಕಟ್ತೀನಿ."

ಧಾರೆಯ ಹೊತ್ತಿಗೆ ಎಲ್ಲರೂ ಜಡೆ ಹೊಗಳಿದರು. ಕಟ್ಟಿದ್ದು ಚಂದ್ರವ್ವ ಎಂದಳು ಅಪ್ಪಿ. ಆದರೆ ಅವಳ ಕಣ್ಣು ಮಗಳ ಕತ್ತಿನ ಹತ್ತಿರ ತಾನು ಕಟ್ಟಿದ್ದ ಆ ಒಂದು ಸಡಿಲ ಗೇಣಿನ ಮೇಲೇ ಇತ್ತು. ಮಂತ್ರ ಮುಗಿಯುವ ತನಕ, ಎದ್ದು ಹೋಗಿ ಒಂದು ಗಂಟನ್ನಾದರೂ ಬಿಗಿದು ಬರಲೇ ಎಂದು ಅವಳ ಜೀವ ಎಳೆಯುತ್ತಿತ್ತು.