ಆರದೆ ಉಳಿದ ಒಂದು ಗೆರೆ

ಪೀರನವಾಡಿಯ ಬಾಡಿಗೆ ಕೋಣೆಯಲ್ಲಿ ಚಹಾ ಕುಡಿಯುತ್ತಾ, ಈಗಷ್ಟೇ, ಒಂದು ಊರು ಆರಿಹೋಗುವುದನ್ನು ನೋಡಿದೆ. ಲ್ಯಾಪ್‌ಟಾಪಿನಲ್ಲಿ ಮನೆಗೊಂದು ಹಸಿರು ಗೆರೆ, ಆ ಮನೆ ಎಳೆಯುವ ಕರೆಂಟಿನದು. ಒಂದರ ಹಿಂದೊಂದು ನೆಲಕ್ಕೆ ಬಿದ್ದವು. ಒಂದು ಮಾತ್ರ ನಿಂತಿತು. ಯಾವುದು ಮೊದಲು ಬಿತ್ತು? ನೆನಪು ಆಗಲೇ ಅಂದವಾಗಿ ಜೋಡಿಸಿಕೊಳ್ಳುತ್ತಿದೆ, ಅದನ್ನು ನಂಬಬೇಡಿ.

ನಮ್ಮ ಕೋಲಾರದವರಿಗೆ ನನ್ನ ಕೆಲಸ ಹೇಗೆ ಹೇಳಲಿ? ಕಣಕುಂಬಿಯಾಚೆ ಕಾಡಿನಲ್ಲೊಂದು ವಾಡಿ ಇದೆ. ವಾಡಿ ಎಂದರೆ ಕೆಲವೇ ಮನೆಗಳ ಊರು. ದೊಡ್ಡ ಕರೆಂಟ್ ಲೈನು ಅಲ್ಲಿಗೆ ಹೋಗಿಲ್ಲ. ಸೋಲಾರ್ ಹಲಗೆಗಳು, ಒಂದು ಬ್ಯಾಟರಿ ಕೋಣೆ, ಮನೆಮನೆಗೆ ತಂತಿ. ಅದನ್ನು ನಾನು ಇಲ್ಲಿಂದ ಕಾಯುತ್ತೇನೆ. ನಮ್ಮಲ್ಲಿ ಮೋಡ ಕಟ್ಟಿದರೆ ಜನ ಅಂಗಳಕ್ಕೆ ಬಂದು ನೋಡುತ್ತಾರೆ. ಇಲ್ಲಿ ನಾನು ಬಿಸಿಲಿಗೆ ಹಾಗೆ ಕಾಯಲು ಕಲಿತೆ. ಈ ವಾರ ಅದು ಬರಲೇ ಇಲ್ಲ.

ಬ್ಯಾಟರಿ ತಳ ಕಂಡಾಗ, ಹೆಚ್ಚು ಎಳೆಯುವ ಮನೆಯನ್ನು ಯಂತ್ರ ತಾನೇ ಕಡಿಯುತ್ತದೆ. ನಿಂತಿದ್ದ ಗೆರೆ ಕೆಂಪಾಯಿತು, ಎಂದರೆ ಇನ್ನೇನು ಕಡಿಯುತ್ತದೆ. ಯಾರೋ ಮೋಟರ್ ಹಚ್ಚಿದ್ದಾರೆ, ಅವರಿಂದಲೇ ಉಳಿದವರಿಗೆ ಕತ್ತಲು ಎಂದುಕೊಂಡೆ. ಕಡಿಯಲಿ ಎಂದೂ ಅನ್ನಿಸಿತು. ಆದರೂ ಅಲ್ಲಿ ಬ್ಯಾಟರಿ ಕೋಣೆ ನೋಡಿಕೊಳ್ಳುವ ಸುಮನಬಾಯಿಗೆ ಫೋನ್ ಮಾಡಿದೆ.

"ಕಡೀಬ್ಯಾಡ್ರಿ ಮ್ಯಾಡಮ್ಮಾರ! ಅದು ಮಾರುತಿ ಅಜ್ಜನ ಮನಿ. ಉಸಿರಿನ ಮಷೀನ್ ಹಚ್ಚೇವಿ. ಹಳ್ಳ ತುಂಬೈತಿ, ಗಾಡಿ ಬರಂಗಿಲ್ಲ."

"ಮತ್ತೆ ಉಳಿದ ಮನೆಗಳು?"

"ನಾವ ಬಂದ್ ಮಾಡೇವ್ರಿ. ಚಿಮಣಿ ಕಾಲದಾಗ ಯಾರರ ಜಡ್ಡಾದ್ರ ನಮ್ಮ ದೀಪಾ ಆರಿಸಿ, ಎಣ್ಣಿ ಒಯ್ದು ಅವರ ಮನಿಗೆ ಹಾಕ್ತಿದ್ವಿ. ಈಗೂ ಹಂಗ. ದಿನಾ ಎಲ್ಲಾ ಕಾಣತೈತಿ ಅಂತಿದ್ರಿ, ಇಷ್ಟ ಕಾಣಲಿಲ್ಲೇನು?"

ಕಡಿತವನ್ನು ನಿಲ್ಲಿಸುವ 'ತಡೆ' ಗುಂಡಿ ಒತ್ತಿದೆ. ಗೆರೆ ಹಸಿರಾಯಿತು. ಅಷ್ಟರಲ್ಲಿ ಆಕೆಯ ಫೋನ್ ಸತ್ತಿತು, ಮತ್ತೆ ಹತ್ತಲಿಲ್ಲ. ತಡೆ ಬಹಳ ಹೊತ್ತು ನಿಲ್ಲುವುದಿಲ್ಲ, ಮತ್ತೆ ಮತ್ತೆ ಒತ್ತಬೇಕು. ಇದನ್ನು ಬರೆಯುತ್ತಿರುವುದು ಆ ಒತ್ತುಗಳ ನಡುವೆ.

ಯಾವಾಗಲೋ ಎದ್ದು ನನ್ನ ಕೋಣೆಯ ದೀಪ, ಫ್ಯಾನು ಆರಿಸಿದ್ದೇನೆ. ಇಲ್ಲಿ ಉಳಿಸಿದ್ದು ಅಲ್ಲಿಗೆ ಹೋಗುವುದಿಲ್ಲ. ಈ ತಂತಿಗೂ ಆ ತಂತಿಗೂ ಸಂಬಂಧವೇ ಇಲ್ಲ. ಗೊತ್ತಿದ್ದೇ ಆರಿಸಿದೆ.

ಮನೆಯೊಡತಿ ಪದ್ಮಕ್ಕ ಬಾಗಿಲಲ್ಲಿ ನಿಂತರು. "ಅಯ್ಯ, ಕರೆಂಟ್ ಐತಲ್ರೀ! ದೀಪಾ ಹಚ್ಚೂ ಹೊತ್ತಿನ್ಯಾಗ ಕತ್ತಲದಾಗ ಯಾಕ ಕುಂತೀರಿ? ನಿಮ್ಮ ಕೋಲಾರದಾಗ ಹಿಂಗೇನು?"

ಕೋಲಾರದಲ್ಲಿ ಹೀಗಿಲ್ಲ. ಪೀರನವಾಡಿಯಲ್ಲೂ ಇಲ್ಲ. ಹೀಗೆ ಮಾಡುವ ಊರಲ್ಲಿ ನನ್ನ ಹೆಸರಿನ ಗೆರೆಯಿಲ್ಲ.

"ಸ್ವಲ್ಪ ಹೊತ್ತು ಇರಲಿ ಅಕ್ಕಾ," ಎಂದೆ. ಅವರು ಹೋಗಲಿಲ್ಲ. ಪರದೆಯನ್ನೇ ನೋಡುತ್ತಾ ಕತ್ತಲಲ್ಲಿ ಪಕ್ಕಕ್ಕೆ ಕೂತಿದ್ದಾರೆ.

ಮಳೆ ನಿಂತಿಲ್ಲ. ಬ್ಯಾಟರಿ ಇನ್ನಷ್ಟು ಇಳಿದಿದೆ. ಆ ಇಳಿತಕ್ಕೆ ತಡೆ ಗುಂಡಿಯಿಲ್ಲ. ಗೆರೆ ಮತ್ತೆ ಕೆಂಪಾಯಿತು, ಒತ್ತುತ್ತೇನೆ.