ಕಾಯಿಲೆ ನೋಡಲು ಬರುತ್ತಿದ್ದ ಸಂಘ

ಪಕ್ಕದ ಮನೆಯಲ್ಲಿ ಬೆಲ್ಲದ ಕಾಫಿ ಕುದಿಯುತ್ತಿದೆ. ಆ ವಾಸನೆ ಬಂದರೆ ನನಗೆ ಇವತ್ತಿಗೂ ರೇಗುತ್ತದೆ.

ಕನಕಪುರದಲ್ಲಿದ್ದಾಗ ಅಮ್ಮನಿಗೆ ಟೈಫಾಯಿಡ್ ಬಂದಿತ್ತು. ನನಗಾಗ ಏಳು ವರ್ಷ. ಕಾಯಿಲೆಯವರ ಮನೆಗೆ ಹೋಗಿ ಪ್ರಾರ್ಥನೆ ಮಾಡುವುದು ನಮ್ಮ ಚರ್ಚಿನ ಮಹಿಳಾ ಸಂಘದ ರೂಢಿ. ದಿನಾ ಸಂಜೆ ಆರು ಜನ ಬಂದು ಮಂಚದ ಸುತ್ತ ಕೂತು ಜಪಸರ ಹೇಳುತ್ತಿದ್ದರು. ಜಪ ಮುಗಿದರೂ ಯಾರೂ ಏಳುತ್ತಿರಲಿಲ್ಲ. ಬಂದವರನ್ನು ಹಾಗೇ ಕಳಿಸಬಾರದೆಂದು ಅಮ್ಮ ಗೋಡೆ ಹಿಡಿದು ಎದ್ದು ಬೆಲ್ಲದ ಕಾಫಿ ಕಾಯಿಸುತ್ತಿದ್ದಳು. "ಯಾಕವ್ವ ತೊಂದ್ರೆ ತಕ್ಕಂಡೆ" ಎನ್ನುತ್ತಲೇ ಸಂಘದ ಹಿರಿಯರಾದ ಫಿಲೋಮಿನಮ್ಮ ಲೋಟಕ್ಕೆ ಕೈ ಚಾಚುತ್ತಿದ್ದರು.

ಐದನೆಯ ದಿನ ಅಮ್ಮ ಒಲೆಯ ಮುಂದೆಯೇ ಕುಸಿದಳು. ಮರುದಿನ ನಾನು ಬಾಗಿಲಿಗೆ ಅಡ್ಡ ನಿಂತೆ.

"ಅಮ್ಮ ಮಲಗವ್ಳೆ. ನೀವು ಬಂದ್ರೆ ಎದ್ದು ಕಾಫಿ ಕಾಯಿಸ್ತಾಳೆ. ಬರ್ಬ್ಯಾಡಿ."

ಫಿಲೋಮಿನಮ್ಮ ನನ್ನನ್ನೇ ದಿಟ್ಟಿಸಿದರು. "ಒಸಿ ಸರ್ಕೊಳವ್ವ" ಎಂದು ನೇರ ಅಡುಗೆಮನೆಗೆ ನಡೆದರು. ಸೆರಗು ಸಿಕ್ಕಿಸಿ, ರಾಶಿಬಿದ್ದ ಪಾತ್ರೆ ತೊಳೆದು, ಗಂಜಿ ಮಾಡಿ ಅಮ್ಮನಿಗೆ ಕುಡಿಸಿದರು. ಅಮ್ಮ ಹುಷಾರಾಗುವವರೆಗೂ ಸಂಘದವರು ದಿನಕ್ಕೊಬ್ಬರಂತೆ ಬಂದು ಮನೆ ನೋಡಿಕೊಂಡರು.

ಅಲ್ಲಿಗೆ ನನ್ನ ಕಷ್ಟ ಮುಗಿಯಲಿಲ್ಲ. ಎದ್ದು ಓಡಾಡುವಂತಾದ ಕೂಡಲೇ ಅಮ್ಮನೂ ಆ ಸಂಘಕ್ಕೆ ಸೇರಿದಳು. ಆಮೇಲೆ ನಾನು ಶಾಲೆಯಿಂದ ಬರುವ ಹೊತ್ತಿಗೆ ನಮ್ಮ ಮನೆಗೆ ಬೀಗ. ಜಗಲಿಯ ಮೇಲೆ ಕೂತು ಊರಿನ ರೋಗಿಗಳನ್ನೆಲ್ಲ ಶಪಿಸುತ್ತಿದ್ದೆ.

ಅಮ್ಮನಿಗೀಗ ಎಪ್ಪತ್ತೆಂಟು. ಎರಡೂ ಮಂಡಿ ಹೋಗಿವೆ. ಎಷ್ಟೋ ಅಲೆದು ಬುಧವಾರಕ್ಕೆ ಡಾಕ್ಟರನ್ನು ಗೊತ್ತುಮಾಡಿ ಫೋನ್ ಮಾಡಿದೆ.

"ಬುಧವಾರ ಆಗಕ್ಕಿಲ್ಲ ಕಣವ್ವ," ಎಂದಳು. "ಇಬ್ರು ಕಾಯಿಲೆಯವ್ರನ್ನ ನೋಡಕ್ಕೆ ಹೋಗ್ಬೇಕು."